ಕೊಳವೆ ಬಾವಿಗೆ ಹಾಕಿದ ಕಾಡತೂಸು

ಸತ್ತವರು ಕಾಣಿಸುತ್ತಾರೆ, ಅವರ ಸಪ್ಪಳ ಕೇಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಬ್ಯಾಡಗಿಯಲ್ಲಿ ನಾವು ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸಲು ರಾಶಿಯ ಸುತ್ತ ಕುಳಿತಾಗ ಇಂಥ ಕಥೆಗಳು ದಿನಕ್ಕೊಂದು ಬರುತ್ತವೆ. ಘಾಟಿಗೆ ಸೀನುತ್ತ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಒಬ್ಬಳು ಹೇಳುತ್ತಾಳೆ, ಉಳಿದವರು ಕೈ ನಿಲ್ಲಿಸಿ ಕೇಳುತ್ತಾರೆ. ನಾನು ಮಾತ್ರ, “ನಿಮ್ಮತ್ತಿ ಜೀವಂತ ಇದ್ದಾಗ ನಿನ್ನ ಒಂದಿನಾನೂ ಮಾತಾಡಿಸಲಿಲ್ಲ, ಸತ್ತ ಮ್ಯಾಲೆ ಬಂದು ಮಾತಾಡ್ಸತಾಳೇನ?” ಎಂದು ಎಲ್ಲರನ್ನೂ ನಗಿಸಿಬಿಡುತ್ತಿದ್ದೆ.

ಈಗ ನಗುವುದಿಲ್ಲ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರೆದು ರೂಢಿ ಇಲ್ಲ. ಆದರೆ ಇಷ್ಟು ದಿನ ಬರೆಯದೆ ಇದ್ದುದಕ್ಕೆ ಅದು ಕಾರಣವಲ್ಲ. ನನಗೆ ಆದದ್ದನ್ನು ಬರೆಯಬೇಕೆಂದರೆ ನಾನು ಮಾಡಿದ್ದನ್ನೂ ಬರೆಯಬೇಕಾಗುತ್ತದೆ.

ನನ್ನ ತವರು ಮೋಟೆಬೆನ್ನೂರು. ಅಲ್ಲಿ ನನ್ನ ಅಣ್ಣ ಬಸವರಾಜ ನಾಲ್ಕೆಕರೆ ಹೊಲ ಮಾಡಿಕೊಂಡಿದ್ದ. ಬೆಳೆಗೆ ಹಂದಿ, ಚಿಗರಿಗಳ ಕಾಟ ಇದ್ದುದರಿಂದ ಅಪ್ಪನ ಕಾಲದಲ್ಲೇ ಲೈಸೆನ್ಸ್ ಮಾಡಿಸಿದ ಒಂಟಿ ನಳಿಗೆಯ ಬಂದೂಕು ಮನೆಯಲ್ಲಿತ್ತು. ಅಪ್ಪ ತೀರಿಕೊಂಡ ಮೇಲೆ ಅದು ಅಣ್ಣನ ಹೆಸರಿಗೆ ಬಂತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು. ಮುಗಿದ ಮೇಲೆ ಅಣ್ಣ ಗಂಡನ ಮನೆಯಿಂದ ಮಗಳನ್ನು ಕರೆತರುವವನ ಹಾಗೆ ಸಡಗರದಿಂದ ಅದನ್ನು ಹೆಗಲಿಗೇರಿಸಿಕೊಂಡು ಬರುತ್ತಿದ್ದ. ಗಾಳಿಯಲ್ಲಿ ಹಾರಿಸಿ ಹೆದರಿಸುತ್ತಿದ್ದನೇ ಹೊರತು ಒಂದು ಪ್ರಾಣಿಗೂ ಹೊಡೆದವನಲ್ಲ. ಹಾರಿಸಿದ ಮೇಲೆ ಖಾಲಿ ಕಾಡತೂಸು ಉಳಿಯುತ್ತದಲ್ಲ, ಹಿತ್ತಾಳೆಯ ಬುಡ, ಮೇಲೆ ಕೆಂಪು ಪ್ಲಾಸ್ಟಿಕ್ಕಿನ ಕೊಳವೆ, ಅದನ್ನು ಅವನು ಎಂದೂ ಎಸೆಯುತ್ತಿರಲಿಲ್ಲ. ಪ್ಲಾಸ್ಟಿಕ್ಕಿಗೆ ತೂತು ಹಾಕಿ ತಂತಿಗೆ ಪೋಣಿಸಿ ಹೊಲದ ಮೂಲೆಯಲ್ಲಿ ಕಟ್ಟುತ್ತಿದ್ದ. ಗಾಳಿಗೆ ಅವು ಒಂದಕ್ಕೊಂದು ತಾಗಿ ಸಪ್ಪಳ ಮಾಡಿದರೆ ಹಕ್ಕಿಗಳು ಏಳುತ್ತಿದ್ದವು.

ಪಕ್ಕದ ಹೊಲ ಫಕ್ಕೀರಪ್ಪನದು. ಇಬ್ಬರಿಗೂ ಬದುವಿನ ಜಗಳ. ಒಮ್ಮೆ ನಾನು ತವರಿಗೆ ಹೋಗಿದ್ದಾಗ ಸಂಜೆ ಇಬ್ಬರೂ ದಾರಿಯಲ್ಲೇ ಕೂಗಾಡಿದರು. “ಇನ್ನೊಮ್ಮೆ ಬದು ಮುಟ್ಟು, ಸುಮ್ನ ಬಿಡಾಂಗಿಲ್ಲ ನೋಡು” ಎಂದು ಅಣ್ಣ ಅಂದದ್ದನ್ನು ನಾನೂ ಕೇಳಿದೆ, ಊರೂ ಕೇಳಿತು. ಮರುದಿನ ಬೆಳಕು ಹರಿದಾಗ ಫಕ್ಕೀರಪ್ಪ ತನ್ನ ಗೋವಿನಜೋಳದ ಹೊಲದಲ್ಲಿ ಎದೆಗೆ ಬಂದೂಕಿನ ಏಟು ಬಿದ್ದು ಸತ್ತಿದ್ದ.

ಊರವರೊಂದಿಗೆ ನಾನೂ ಓಡಿದೆ. ಎಲ್ಲರೂ ಹೆಣದ ಸುತ್ತ ನಿಂತಿದ್ದರು. ನನಗೆ ನೋಡಲಾಗದೆ ಬದುವಿನ ಕಡೆ ಸರಿದೆ. ಅಲ್ಲಿ ಜಾಲಿಯ ಕಂಟಿಯ ಬುಡದಲ್ಲಿ ಕೆಂಪಗೆ ಏನೋ ಕಂಡಿತು. ಖಾಲಿ ಕಾಡತೂಸು. ಅಣ್ಣ ತರುತ್ತಿದ್ದುದೂ ಅದೇ ಬಣ್ಣದ್ದು. ಕಾಲಿಗೆ ಮುಳ್ಳು ನೆಟ್ಟವಳ ಹಾಗೆ ಬಗ್ಗಿ ಅದನ್ನು ಎತ್ತಿ ಉಡಿಯಲ್ಲಿ ಹಾಕಿಕೊಂಡೆ. ಯಾರೂ ನೋಡಲಿಲ್ಲ. ಖಾಲಿ ಕಾಡತೂಸನ್ನು ಎಂದೂ ಎಸೆಯದ ಅಣ್ಣ ಇದನ್ನೇಕೆ ಬಿಟ್ಟುಹೋದಾನು ಎಂಬ ಪ್ರಶ್ನೆ ನನಗೆ ಆಗ ಹುಟ್ಟಲೇ ಇಲ್ಲ.

ಮನೆಗೆ ಬಂದಾಗ ಅಣ್ಣ ಕಟ್ಟೆಯ ಮೇಲೆ ಕುಳಿತಿದ್ದ. “ನಾ ಹೊಡದಿಲ್ಲವಾ ತಂಗಿ. ನಿನ್ನಿ ಚಿಗರಿ ಬಂದಿದ್ವು ಅಂತ ಮಧ್ಯಾಹ್ನ ಒಂದು ಗಾಳ್ಯಾಗ ಹಾರಿಸಿದ್ದೆ, ಅಷ್ಟ” ಎಂದ. ನಾನು “ಹೂಂ” ಎಂದೆ. ಉಡಿಯಲ್ಲಿ ಕಾಡತೂಸು ಇಟ್ಟುಕೊಂಡೇ ಹೂಂ ಅಂದೆ. ಅವನು ಸುಳ್ಳು ಹೇಳುತ್ತಿದ್ದಾನೆ, ನಾನು ಅವನನ್ನು ಉಳಿಸುತ್ತಿದ್ದೇನೆ ಎಂದು ನನ್ನ ಎಣಿಕೆ.

ಪೊಲೀಸರು ಬಂದು ಪಂಚನಾಮೆ ಮಾಡಿದರು. ಬದುವಿನ ಉದ್ದಕ್ಕೂ ಮೊಣಕಾಲೂರಿ ಹುಡುಕಿದರು, ಏನೂ ಸಿಗಲಿಲ್ಲ. ಬಂದೂಕನ್ನು ವಶಕ್ಕೆ ತೆಗೆದುಕೊಂಡು ಅಣ್ಣನನ್ನು ಕರೆದೊಯ್ದರು. ಎರಡು ದಿನ ಕಾಡತೂಸು ಜೋಳದ ಹಿಟ್ಟಿನ ಡಬ್ಬಿಯಲ್ಲಿತ್ತು. ಮೂರನೆಯ ದಿನ ಅದನ್ನು ಹೊಲಕ್ಕೆ ಒಯ್ದೆ. ಅಲ್ಲಿ ನೀರು ಬೀಳದೆ ಬಿಟ್ಟ ಒಂದು ಕೊಳವೆ ಬಾವಿ ಇತ್ತು, ಬಾಯಿಗೆ ಚಪ್ಪಡಿ ಮುಚ್ಚಿತ್ತು. ಗುರುತು ಸಿಗದ ಹಾಗೆ ಚಪ್ಪಟೆ ಮಾಡಿ ಹಾಕೋಣವೆಂದು ಕಾಡತೂಸನ್ನು ಅಡ್ಡ ಮಲಗಿಸಿ ಕಲ್ಲಿನಿಂದ ಕುಟ್ಟಿದೆ. ಒಂದೇ ಏಟಿಗೆ ಹಿತ್ತಾಳೆಯ ಪಕ್ಕ ಉಗುರಿನಾಕಾರದಲ್ಲಿ ತಗ್ಗಾಯಿತು. ಆ ಸಪ್ಪಳಕ್ಕೆ ನಾನೇ ಹೆದರಿದೆ. ಇನ್ನೊಂದು ಏಟು ಹಾಕುವ ಧೈರ್ಯವಾಗಲಿಲ್ಲ. ಚಪ್ಪಡಿ ಸರಿಸಿ ಬಾವಿಗೆ ಬಿಟ್ಟೆ. ಟಣ್, ಟಣ್ ಎಂದು ಕೊಳವೆಯ ಗೋಡೆಗೆ ಬಡಿಯುತ್ತ, ಸಪ್ಪಳ ಸಣ್ಣದಾಗುತ್ತ ಹೋಯಿತು. ಕೆಳಗೆ ಮುಟ್ಟಿದ್ದು ಕೇಳಿಸಲಿಲ್ಲ.

ಹಾವೇರಿಯ ಕೋರ್ಟಿನಲ್ಲಿ ಕೇಸು ನಡೆಯಿತು. ಒಂದು ದಿನ ಬಂದೂಕು ಪರೀಕ್ಷೆ ಮಾಡಿದ ಪ್ರಯೋಗಾಲಯದ ಅಧಿಕಾರಿ ಸಾಕ್ಷಿಗೆ ಬಂದರು. ಕನ್ನಡಕದ, ಮೆತ್ತಗಿನ ಮಾತಿನ ಮನುಷ್ಯ. ನಾನೂ ಅತ್ತಿಗೆಯೂ ಹಿಂದಿನ ಬೆಂಚಿನಲ್ಲಿದ್ದೆವು. ಅವರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. ಈ ಜಾತಿಯ ಬಂದೂಕಿನ ನಳಿಗೆ ಒಳಗೆ ನುಣುಪಾಗಿರುತ್ತದೆ, ಆದ್ದರಿಂದ ದೇಹದಲ್ಲಿ ಸಿಕ್ಕ ಸೀಸದ ಕಾಳುಗಳ ಮೇಲೆ ಯಾವ ಬಂದೂಕಿನದೆಂಬ ಗುರುತು ಇರುವುದಿಲ್ಲ. ಗುರುತು ಬೀಳುವುದು ಕಾಡತೂಸಿನ ಬುಡದಲ್ಲಿ. ಬಂದೂಕಿನ ಕುದುರೆ ಎಳೆದಾಗ ಒಳಗಿನ ಮೊಳೆ ಅಲ್ಲಿಗೆ ಬಡಿದು ತಗ್ಗು ಮಾಡುತ್ತದೆ. ಒಂದೊಂದು ಬಂದೂಕಿನ ತಗ್ಗು ಒಂದೊಂದು ಬಗೆ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ತಾವು ಅಣ್ಣನ ಬಂದೂಕಿನಿಂದ ಪ್ರಯೋಗಾಲಯದಲ್ಲಿ ಎರಡು ಗುಂಡು ಹಾರಿಸಿ ಅವುಗಳ ಖಾಲಿ ಕಾಡತೂಸು ಇಟ್ಟುಕೊಂಡಿದ್ದೇವೆ. ಸ್ಥಳದಲ್ಲಿ ಸಿಕ್ಕದ್ದನ್ನು ಅದರ ಪಕ್ಕದಲ್ಲಿಟ್ಟು, ಸೂಕ್ಷ್ಮದರ್ಶಕದಲ್ಲಿ ಅರ್ಧ ಇದು, ಅರ್ಧ ಅದು ಒಟ್ಟಿಗೆ ಕಾಣುವಂತೆ ಜೋಡಿಸಿ ನೋಡುತ್ತೇವೆ. ಗೆರೆಗೆ ಗೆರೆ ಕೂಡಿದರೆ ಒಂದೇ ಬಂದೂಕು ಎಂದರು.

“ಈ ಬಂದೂಕಿನ ಮೊಳೆ ಸವೆದು ಸ್ವಲ್ಪ ಪಕ್ಕಕ್ಕೆ ಬಡಿಯುತ್ತದೆ. ಆದರೆ ಹೋಲಿಸಲು ಇನ್ನೊಂದು ಅರ್ಧ ನಮ್ಮ ಹತ್ತಿರ ಬರಲಿಲ್ಲ.”

ನಮ್ಮ ವಕೀಲರು ಎದ್ದು ಕೇಳಿದರು: “ಸ್ಥಳದಲ್ಲಿನ ಖಾಲಿ ಕಾಡತೂಸು ಸಿಕ್ಕಿದ್ದರೆ, ಅದು ಈ ಬಂದೂಕಿನದಲ್ಲ ಅಂತ ಹೇಳಲು ಆಗುತ್ತಿತ್ತೇ?”

“ಆಗುತ್ತಿತ್ತು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ.”

ಕಟಕಟೆಯಲ್ಲಿದ್ದ ಅಣ್ಣ ತಿರುಗಿ ನಮ್ಮಿಬ್ಬರನ್ನು ನೋಡಿದ. ಅವನ ಮುಖದಲ್ಲಿ ಎಂಥದೋ ಹುರುಪು. ನಾನು ಕಾಡತೂಸಿನ ಬುಡವನ್ನು ನೋಡಿಯೇ ಇರಲಿಲ್ಲ. ಎರಡು ದಿನ ಮನೆಯಲ್ಲಿಟ್ಟುಕೊಂಡು, ಕಲ್ಲಿನಿಂದ ಜಜ್ಜಿ, ಬಾವಿಗೆ ಬಿಟ್ಟವಳಿಗೆ ಆ ತಗ್ಗು ನಡುವೆ ಇತ್ತೋ ಪಕ್ಕಕ್ಕಿತ್ತೋ ಗೊತ್ತಿಲ್ಲ.

ಸಾಕ್ಷಿ ಸಾಲದೆ ಅಣ್ಣ ಬಿಡುಗಡೆಯಾದ. ಬಂದೂಕು ಮತ್ತೆ ಮನೆಗೆ ಬರಲಿಲ್ಲ. ಅವನು ಹೊಡೆದಿಲ್ಲ ಎಂಬುದನ್ನು ಊರು ಒಪ್ಪಲಿಲ್ಲ. “ಸಾಕ್ಷಿ ಸಿಗಲಿಲ್ಲಂತ ಬಿಟ್ರಪಾ, ಹೊಡದಿಲ್ಲಂತ ಅಲ್ಲ” ಎಂದು ಹೋಟೆಲಿನಲ್ಲಿ ಅವನಿಗೆ ಕೇಳಿಸುವಂತೆಯೇ ಅಂದರು. ಫಕ್ಕೀರಪ್ಪನ ಹೆಂಡತಿ ಶಾಂತವ್ವ ಅವನು ಎದುರಾದರೆ ನೆಲಕ್ಕೆ ಉಗುಳುತ್ತಿದ್ದಳು. ಅಣ್ಣನ ಮಗಳಿಗೆ ನಿಶ್ಚಯವಾಗಿದ್ದ ಗಂಡಿನ ಕಡೆಯವರು ಹಿಂದೆ ಸರಿದರು. ಆಗ ಅಣ್ಣ ಗಾರೆ ಕೆಲಸದವರಿಂದ ಒಂದು ಹಳೆಯ ಜರಡಿ ತಂದ. ದಿನಾ ಮಧ್ಯಾಹ್ನ ಹೊಲಕ್ಕೆ ಹೋಗಿ ಬದುವಿನ ಮಣ್ಣು ಜರಡಿ ಹಿಡಿಯತೊಡಗಿದ. ಕಾಡತೂಸು ಅಲ್ಲೇ ಎಲ್ಲೋ ಮಣ್ಣಲ್ಲಿ ಹೂತಿದೆ, ಸಿಕ್ಕರೆ ಶಾಂತವ್ವನ ಮುಂದೆ ಇಡುತ್ತೇನೆ ಎಂಬುದೊಂದೇ ಅವನ ಮಾತು.

ದಾರಿಯಲ್ಲಿ ಹೋಗುವವರು, “ಏನೋ ಬಸಣ್ಣ, ಬಂಗಾರ ಹುಡುಕಾಕತ್ತೀಯೇನ?” ಎಂದು ಚುಚ್ಚುತ್ತಿದ್ದರು. “ಹೌದಪಾ. ಸಿಕ್ಕರ ನಿನಗೂ ಒಂದು ತೊಲಿ ಕೊಡತೇನಿ, ನಿಂದರು” ಎಂದು ಅವನು ನಗುತ್ತಲೇ ಅನ್ನುತ್ತಿದ್ದ. ಎರಡು ಸಲ ಜರಡಿ ಆಡಿಸಿ ಒಮ್ಮೆ ಅಂಗೈಯಿಂದ ತಟ್ಟುವುದು ಅವನ ರೂಢಿ. ಸರ್, ಸರ್, ತಟ್. ಜರಡಿಯ ಕೆಳಗೆ ನುಣ್ಣನೆಯ ಮಣ್ಣು ಗೋಪುರವಾಗುತ್ತಿತ್ತು, ಕಲ್ಲು ಹೆಂಟೆ ಎಡಕ್ಕೆ ಬೀಳುತ್ತಿತ್ತು. ತವರಿಗೆ ಹೋದಾಗ ನಾನೇ ಅವನಿಗೆ ಬುತ್ತಿ ಒಯ್ದು ಕೊಟ್ಟಿದ್ದೇನೆ. ಅವನು ಉಣ್ಣುವಾಗ ನನ್ನ ಬೆನ್ನ ಹಿಂದೆ ಹತ್ತು ಮಾರು ದೂರದಲ್ಲಿ ಆ ಕೊಳವೆ ಬಾವಿ ಇರುತ್ತಿತ್ತು.

ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಸಾಕ್ಷಿ ಮುಚ್ಚಿಟ್ಟವಳೆಂದು ನನ್ನನ್ನು ಹಿಡಿಯುತ್ತಾರೆ ಎಂಬ ಹೆದರಿಕೆ ಇತ್ತು, ಸುಳ್ಳಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅಣ್ಣನೇ ಹೊಡೆದಿದ್ದಾನೆ ಎಂದುಕೊಂಡರೆ ನಾನು ಅವನನ್ನು ಉಳಿಸಿದವಳು. ಹೊಡೆದಿಲ್ಲ ಎಂದುಕೊಂಡರೆ ಅವನ ಬದುಕು ಕೆಡಿಸಿದವಳು. ನನ್ನ ಮನಸ್ಸು ಹಗುರವಾಗಲಿ ಎಂದು ನಾನು ಅಣ್ಣನನ್ನು ಕೊಲೆಗಾರ ಎಂದೇ ನಂಬಿಕೊಂಡು ಇದ್ದೆ.

ಎರಡು ವರ್ಷ ಅವನು ಮಣ್ಣು ಜರಡಿ ಹಿಡಿದ. ಒಂದು ಮಧ್ಯಾಹ್ನ ಹೊಲದಲ್ಲೇ ಎದೆ ಹಿಡಿದುಕೊಂಡು ಕುಸಿದವನು ಏಳಲಿಲ್ಲ. ಹೊಲದ ಮೂಲೆಯಲ್ಲೇ ಮಣ್ಣು ಮಾಡಿದೆವು.

ನಾನು ಹೇಳಬೇಕೆಂದಿರುವುದು ನಡೆದದ್ದು ಅದಾಗಿ ಐದಾರು ತಿಂಗಳಿಗೆ. ಅತ್ತಿಗೆ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ಮಗಳೊಂದಿಗೆ ತನ್ನ ತವರು ಕುಪ್ಪೇಲೂರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಸಾಮಾನು ಕಟ್ಟಲು ನಾನೂ ಹೋಗಿದ್ದೆ. “ನಾಳೆ ಅವರು ಟ್ರ್ಯಾಕ್ಟರ್ ಹೊಡಸ್ತಾರ. ನೀ ಹೋಗಿ ಗದ್ದಿಗಿಗೆ ಎಡಿ ಹಿಡದು ಬಾ” ಎಂದು ಅತ್ತಿಗೆ ತಾಟು ಕೊಟ್ಟಳು. ಅಣ್ಣನ ಜರಡಿ ಅಡುಗೆಮನೆಯ ಗೂಟದಲ್ಲಿ ತೂಗುತ್ತಿತ್ತು, ಅದರಲ್ಲಿ ಬೆಳ್ಳುಳ್ಳಿ ಹಾಕಿಟ್ಟಿದ್ದರು. ಹೊರಡುವಾಗ ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಉರಿಬಿಸಿಲಿನ ಹೊತ್ತು. ಗಾಳಿ ಒಂದಿಷ್ಟೂ ಇರಲಿಲ್ಲ. ತಂತಿಯ ಮೇಲಿನ ಖಾಲಿ ಕಾಡತೂಸುಗಳು ಅಲ್ಲಾಡದೆ ನಿಂತಿದ್ದವು. ಅಣ್ಣನನ್ನು ಮಣ್ಣು ಮಾಡಿದ ಗದ್ದುಗೆಗೆ ಎಡೆ ಹಿಡಿದು ಏಳುವಾಗ ಬದುವಿನ ಆಚೆಯಿಂದ ಕೇಳಿಸಿತು. ಸರ್, ಸರ್, ತಟ್.

ಲಾವಣಿಯವರು ಯಾರೋ ಬಂದಿರಬೇಕು ಎಂದುಕೊಂಡೆ. “ಯಾರ್ರೀ ಅದು?” ಎಂದು ಕೂಗಿದೆ. ಸಪ್ಪಳ ನಿಲ್ಲಲಿಲ್ಲ. ಸರ್, ಸರ್, ತಟ್. ಅವಸರವಿಲ್ಲ, ಬೇಸರವಿಲ್ಲ, ಕೆಲಸದಲ್ಲಿ ಮುಳುಗಿದವರ ಕೈ ಅದು. ನಾನು ತಾಟನ್ನು ಎದೆಗವಚಿಕೊಂಡು ಬದು ಹತ್ತಿದೆ. ಹತ್ತಿದ ಕ್ಷಣ ಸಪ್ಪಳ ನಿಂತಿತು. ಆಚೆ ಯಾರೂ ಇರಲಿಲ್ಲ. ಜಾಲಿಯ ಕಂಟಿಯ ಬುಡದಲ್ಲಿ ನುಣ್ಣನೆಯ ಮಣ್ಣಿನ ಗುಂಪೆ ಇತ್ತು, ಅದರ ಎಡಕ್ಕೆ ಕಲ್ಲು ಹೆಂಟೆ. ಗುಂಪೆಯ ಮೇಲೆ ಧೂಳು ಇನ್ನೂ ಗಾಳಿಯಲ್ಲಿ ತೇಲುತ್ತಿತ್ತು, ನಾನು ನೋಡುತ್ತಿದ್ದಂತೆ ನಿಧಾನವಾಗಿ ಇಳಿಯಿತು. ಗುಂಪೆಯ ತುದಿಯಲ್ಲಿ ಕೆಂಪು ಕಾಡತೂಸು ಇತ್ತು.

ಎತ್ತಿಕೊಂಡೆ. ಪ್ಲಾಸ್ಟಿಕ್ಕು ಬಣ್ಣಗೆಟ್ಟಿರಲಿಲ್ಲ. ಹಿತ್ತಾಳೆಯ ಪಕ್ಕದಲ್ಲಿ ಉಗುರಿನಾಕಾರದ ತಗ್ಗು. ನಾನು ಕಲ್ಲಿನಿಂದ ಮಾಡಿದ್ದು.

ಆಗ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಮೊದಲು ಸುತ್ತ ನೋಡಿ ಅದನ್ನು ಉಡಿಗೆ ಹಾಕಿಕೊಂಡೆ, ಅವತ್ತಿನ ಹಾಗೆಯೇ. ಆಮೇಲೆ ನೆಟ್ಟಗೆ ಕೊಳವೆ ಬಾವಿಯ ಕಡೆ ನಡೆದೆ. ಚಪ್ಪಡಿ ಇದ್ದಲ್ಲೇ ಇತ್ತು, ಅಂಚಿನ ಸುತ್ತ ಇರುವೆಗಳು ಮಣ್ಣು ಕಟ್ಟಿದ್ದವು, ಒಂದು ಕಡೆಯೂ ಬಿಚ್ಚಿರಲಿಲ್ಲ. ಆ ಮಣ್ಣನ್ನು ಒಡೆದು ಚಪ್ಪಡಿ ಸರಿಸಿದೆ. ಎರಡನೆಯ ಸಲ ಹಾಕಿಬಿಡಬೇಕೆಂದು ಕಾಡತೂಸನ್ನು ಉಡಿಯಿಂದ ತೆಗೆದು ಕೈ ಚಾಚಿದೆ.

ಕೆಳಗಿನಿಂದ ಟಣ್ ಎಂದಿತು. ತೀರ ಸಣ್ಣಗೆ, ಕಿವಿಗೆ ಮುಟ್ಟಿಯೂ ಮುಟ್ಟದ ಹಾಗೆ. ಸ್ವಲ್ಪ ತಡೆದು ಇನ್ನೊಂದು, ಅದಕ್ಕಿಂತ ದೊಡ್ಡದು. ಮತ್ತೊಂದು, ಇನ್ನೂ ಹತ್ತಿರದಿಂದ. ನಾನು ಅವತ್ತು ಕೇಳಿದ ಸಪ್ಪಳವೇ ಅದು, ಆದರೆ ಹಿಂದುಮುಂದಾಗಿ. ಅವತ್ತು ಇಳಿದುಹೋದದ್ದು ಇವತ್ತು ಏರಿ ಬರುತ್ತಿತ್ತು. ಕಾಡತೂಸು ನನ್ನ ಮುಷ್ಟಿಯಲ್ಲೇ ಇತ್ತು. ಸಪ್ಪಳ ಬಾವಿಯ ಬಾಯಿಗೆ ಒಂದಾಳು ಕೆಳಗೆ ಬಂದಾಗ ನಾನು ಚಪ್ಪಡಿ ಎಳೆದು ಮುಚ್ಚಿದೆ. ಒಳಗಿನಿಂದ ಚಪ್ಪಡಿಗೆ ಒಂದೇ ಒಂದು ಸಲ ಬಡಿಯಿತು. ಆಮೇಲೆ ಸುಮ್ಮನಾಯಿತು.

ಎಷ್ಟು ಹೊತ್ತು ಅಲ್ಲಿ ಕುಳಿತಿದ್ದೆನೋ ತಿಳಿಯದು. ಏಳುವಾಗ ಮೂಲೆಗೆ ಹೋಗಿ ತಂತಿಯನ್ನೂ ಬಿಚ್ಚಿಕೊಂಡೆ. ಅಣ್ಣನ ಖಾಲಿ ಕಾಡತೂಸು ಏಳು ಇದ್ದವು.

ಅವನ್ನೆಲ್ಲ ರಾಣೆಬೆನ್ನೂರಿಗೆ ಒಯ್ದೆ. ಅಲ್ಲಿ ಕೈಗಡಿಯಾರ ರಿಪೇರಿ ಮಾಡುವ ಖಾದರಸಾಬರು ನನ್ನ ಗಂಡನಿಗೆ ಪರಿಚಯ. ಕಣ್ಣಿಗೆ ಕಚ್ಚಿಸಿಕೊಳ್ಳುವ ಗಾಜು ಅವರ ಹತ್ತಿರ ಇರುತ್ತದಲ್ಲ. “ಏನವಾ, ಯುದ್ಧಕ್ಕ ಹೊಂಟೀಯೇನ?” ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿ, ಒಂದೊಂದನ್ನೇ ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು.

“ತಂತಿಯಾಗಿನ ಏಳಕ್ಕೂ ಮೊಳಿ ವಾರಿಗೆ, ಪಕ್ಕಕ್ಕ ಬಡದೈತಿ. ಏಳೂ ಒಂದ ಬಂದೂಕಿನ್ವು. ಈ ಜಜ್ಜಿದ್ದಕ್ಕ ನಟ್ಟನಡುವ ಬಡದೈತಿ. ಖರೇ ಹೇಳತೇನಿ, ಇದು ಬ್ಯಾರೆ. ಆದರ ನಾ ಗಡಿಯಾರದಾವ, ಕೋರ್ಟಿನಾವ ಅಲ್ಲ.”

ಹಾವೇರಿಯಲ್ಲಿ ನಮ್ಮ ವಕೀಲರ ಮುಂದೆ ಎಲ್ಲ ಹೇಳಿದೆ. ಜರಡಿಯ ಸಪ್ಪಳ, ಬಾವಿಯೊಳಗಿನ ಸಪ್ಪಳ ಇವೆರಡನ್ನು ಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಕಾಡತೂಸನ್ನು ಮೇಜಿನ ಮೇಲೆ ನಿಲ್ಲಿಸಿ, “ನೀ ಅವತ್ತ ಕೊಟ್ಟಿದ್ದರ ಇದು ಸಾಕ್ಷಿ ಆಗತಿತ್ತು. ಇವತ್ತ ಇದು ಎಲ್ಲಿಂದ ಬಂತು ಅಂತ ಯಾರಿಗೆ ಗೊತ್ತು? ಇವತ್ತ ಇದು ಬರೇ ಹಿತ್ತಾಳಿ” ಎಂದರು.

ಕುಪ್ಪೇಲೂರಿಗೆ ಹೋಗಿ ಅತ್ತಿಗೆಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವಳಿಗೆ ಏನನ್ನೂ ಬಿಡದೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಅವ್ರು ಜರಡಿ ಹಿಡಿಯೂ ಮುಂದ ನೀ ಬುತ್ತಿ ಒಯ್ದು ಕೊಡತಿದ್ದಿ. ಆವಾಗೂ ನಿನಗ ಗೊತ್ತಿತ್ತು?”

“ಗೊತ್ತಿತ್ತು.”

“ಅವ್ರು ಹೊಡದಿಲ್ಲಂತ ಯಾವಾಗ ನಂಬಿದಿ? ಸಾಬರು ಹೇಳಿದ ಮ್ಯಾಲೆ?”

“ಹೂಂ” ಎಂದೆ. “ನಾ ಅವತ್ತ ನಂಬಿದ್ದೆ” ಎಂದಳು. ಅಕ್ಕಿ ಮುಗಿಸಿ ಮೊರ ಕೆಳಗಿಟ್ಟು, ಸೀರೆ ಬದಲಿಸಿಕೊಂಡು ಬಂದು, “ನಡಿ, ಶಾಂತವ್ವಗ ಹೇಳು. ನನ್ನ ಮುಂದ ಹೇಳು” ಎಂದಳು. ಇಡೀ ದಾರಿ ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲಿ ಕುಳಿತುಕೊಳ್ಳಲಿಲ್ಲ.

ಶಾಂತವ್ವ ನಮ್ಮನ್ನು ಒಳಗೆ ಕರೆಯಲಿಲ್ಲ. ಅಂಗಳದಲ್ಲೇ ನಿಂತು ಕೇಳಿದಳು. ನಾನು ಅಣ್ಣನ ಒಂದು ಕಾಡತೂಸನ್ನೂ ಇದನ್ನೂ ಅಕ್ಕಪಕ್ಕ ಅವಳ ಅಂಗೈ ಮೇಲಿಟ್ಟು, ಪ್ರಯೋಗಾಲಯದವರು ಹೇಳಿದ ಹಾಗೆ ತೋರಿಸಿದೆ. ಅವಳು ಎರಡರ ಬುಡವನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಒಂದರ ತಗ್ಗು ಪಕ್ಕಕ್ಕೆ, ಒಂದರದು ನಡುವೆ.

“ಹಂಗಾರ ಯಾರು?” ಎಂದಳು.

ಮತ್ತೊಮ್ಮೆ ಎರಡನ್ನೂ ತಿರುಗಿಸಿ ನೋಡಿದಳು.

“ಇಷ್ಟು ವರ್ಷ ಬಸಣ್ಣನ್ನ ಬೈಕೋತ ನಿದ್ದಿ ಮಾಡೇನ್ರೆವಾ. ಇನ್ನ ಮ್ಯಾಲೆ ಯಾರ್ನ ಬೈಲಿ?” ಎಂದು ಎರಡನ್ನೂ ನನ್ನ ಕೈಗೆ ಹಾಕಿ, ಅತ್ತಿಗೆಯ ಕಡೆ ತಿರುಗಿ, “ಒಳಗ ಬಾ, ನೀರು ಕುಡದು ಹೋಗು” ಎಂದಳು. ಅತ್ತಿಗೆ ಒಳಗೆ ಹೋದಳು. ನನ್ನನ್ನು ಯಾರೂ ಕರೆಯಲಿಲ್ಲ. ನಾನು ಅಂಗಳದಲ್ಲೇ ನಿಂತಿದ್ದೆ.

ಕೇಳಿದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೀನು ಬಾವಿಗೆ ಹಾಕಿಯೇ ಇರಲಿಕ್ಕಿಲ್ಲ, ಹೆದರಿಕೆಯಲ್ಲಿ ಅಲ್ಲೇ ಎಲ್ಲೋ ಬೀಳಿಸಿರುತ್ತೀ ಎನ್ನುತ್ತಾರೆ. ಅದು ಗೋಡೆಗೆ ಬಡಿಯುತ್ತ ಇಳಿದದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಆ ಮಧ್ಯಾಹ್ನ ಜರಡಿ ಆಡಿಸಿದವರು ಯಾರು, ಬಾವಿಯೊಳಗಿನಿಂದ ಏರಿ ಬಂದದ್ದು ಏನು, ನನಗೆ ತಿಳಿಯದು. ಅಣ್ಣನೇ ಹುಡುಕಿ ಕೊಟ್ಟಿದ್ದರೆ ಶಾಂತವ್ವನಿಗೋ ತನ್ನ ಹೆಂಡತಿಗೋ ಕೊಡಬಹುದಿತ್ತು. ನನಗೇ ಯಾಕೆ ಕೊಟ್ಟ? ನಾನು ಮಾಡಿದ್ದು ಗೊತ್ತಾಗಿ ಸಿಟ್ಟಿನಿಂದ ಕೊಟ್ಟನೋ, ಗೊತ್ತೇ ಆಗದೆ, ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಎದುರಿಗೆ ಬಂದ ತಂಗಿಗೆ ಮೊದಲು ತೋರಿಸಿದನೋ, ಅದೊಂದನ್ನಾದರೂ ತಿಳಿದುಕೊಳ್ಳಬೇಕೆಂದು ಎರಡು ಸಲ ಒಬ್ಬಳೇ ಹೊಲಕ್ಕೆ ಹೋಗಿ ಮಧ್ಯಾಹ್ನವೆಲ್ಲ ಕುಳಿತು ಬಂದೆ. ಏನೂ ಕೇಳಿಸಲಿಲ್ಲ.